ಬರ್ತೇನ್ರಿ ಎಂಬ ಬಟನ್

ಕೆಲಸ ಮುಗಿದ ಮೇಲೆ ನಾನು ಕಂಪ್ಯೂಟರಿಗೆ 'ಬರ್ತೇನ್ರಿ' ಎಂದು ಹೇಳಿಯೇ ಏಳುವವನು. ನಗಬೇಡಿ, ನಮ್ಮ ಜಾಲತಾಣದಲ್ಲಿ ಹೊರಗೆ ಹೋಗುವ ಬಟನ್ನಿನ ಹೆಸರೇ ಅದು.

ಆಳಂದದ ಒಂದು ಮಾಳಿಗೆ ಕೋಣೆಯಲ್ಲಿ ನಾವು ಮೂವರು ಕೂತು ಅದನ್ನು ಕಟ್ಟಿದೆವು. ನಾನು ಆಳಂದದವನು, ರಫೀಕ ಜೇವರ್ಗಿಯವನು, ಮಹಾದೇವಿ ಅಫಜಲಪುರದವಳು. ಮೂರು ತಾಲೂಕಿನ ಸುದ್ದಿ, ತೊಗರಿ ಧಾರಣೆ, ಬಸ್ಸಿನ ವೇಳೆಯನ್ನು ಊರೂರಿನ ವರದಿಗಾರರೇ ಬರೆದು ಹಾಕಲಿ ಎಂದು ಒಂದು ಸಿದ್ಧ ತಂತ್ರಾಂಶ ತಂದೆವು. ಪುಟ ಬರೆಯುವುದು, ತಿದ್ದುವುದು, ಪ್ರಕಟಿಸುವುದು ಎಲ್ಲ ಅದರೊಳಗೇ. ಅದರ ಕನ್ನಡ ಮಾತ್ರ ಶಾಸನ ಕೆತ್ತುವವರ ಕೈಯಿಂದ ಬಂದಂತಿತ್ತು. ಹೊರಗೆ ಹೋಗುವ ಬಟನ್ನಿನ ಮೇಲೆ 'ನಿರ್ಗಮಿಸಿ' ಎಂದಿತ್ತು.

"ಕುತ್ತಿಗಿ ಹಿಡ್ದು ಹೊರಗ ಹಾಕ್ದಂಗ ಆಗ್ತದ್ರಿ ಅಣ್ಣಾ," ಎಂದಳು ಮಹಾದೇವಿ. "ಮನಿಯಿಂದ ಹೊಂಟವ್ರು ಏನಂತಾರ? ಬರ್ತೇನ್ರಿ ಅಂತಾರ. ಅದೇ ಬರೀರಿ."

"ಹಂಗಾರ ಒಳಗ ಕರಿಯೋ ಬಟನ್ನಿಗೆ 'ಬರ್ರಿ' ಅಂತ ಹಾಕ್ತೇನಿ," ಎಂದ ರಫೀಕ.

ಹಾಕಿದೆವು. ಮೊದಲ ವಾರವೇ ನರೋಣಾದ ವರದಿಗಾರರ ಫೋನು ಬಂತು. "ಬರ್ತೇನ್ರಿ ಅಂತ ಮರ್ಯಾದಿಲೆ ಒತ್ತಾಕತ್ತೇನಿ, ಇದು ಹೊರಗ ದಬ್ಬಾಕತ್ತದಲ್ರಿ!" ಪಾಪ, ಅವರು ಬಾಗಿಲು ದಾಟಿದ ಮೇಲೂ ಆ ಬಟನ್ ಒತ್ತಿ ಒಳಗೆ ಬರಲು ಅಪ್ಪಣೆ ಕೇಳುತ್ತಿದ್ದರು. ಹೋಗುವಾಗಲೂ ಬರುತ್ತೇನೆ ಎನ್ನುವ ಜನರ ಭಾಷೆಯನ್ನು ಯಂತ್ರಕ್ಕೆ ಕಲಿಸಲು ಹೊರಟರೆ ಇಷ್ಟು ಗೊಂದಲ ಆಗಲೇಬೇಕು. ಅಂದು ನಾವು ನಕ್ಕ ನಗೆಗೆ ಚಹಾ ಆರಿಹೋಯಿತು.

ಈಗ ಆ ಕೋಣೆ ಇಲ್ಲ. ರಫೀಕ ಅವನ ಮನೆಯಿಂದ, ನಾನು ನನ್ನ ಮನೆಯಿಂದ ಕೆಲಸ ಮಾಡುತ್ತೇವೆ. ಮಹಾದೇವಿಗೆ ಸೊಲ್ಲಾಪುರದಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಟ ದಿನ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ಬರ್ತೇನ್ರಿ" ಎಂದಳು. "ಹೂಂ, ಬಾರವಾ," ಎಂದೆವು. ಯಾವಾಗ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಒಂದೇ ಪುಟವನ್ನು ಇಬ್ಬರು ತೆರೆದರೆ ಈ ತಂತ್ರಾಂಶ 'ಈ ಪುಟವನ್ನು ಮಹಾದೇವಿ ತಿದ್ದುತ್ತಿದ್ದಾರೆ' ಎಂದು ತಡೆಯುತ್ತದೆ. ಆಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವಳ ತಾಲೂಕಿನ ಒಂದು ಊರನ್ನು ನಾನು 'ಅತನೂರು' ಎಂದು ಬರೆದರೆ ಸಾಕು, ಅವಳು ಹೋಗಿ ಅಲ್ಲಿಯವರು ಅನ್ನುವಂತೆ 'ಅತನೂರ' ಮಾಡುತ್ತಿದ್ದಳು. ಈಗ ಸುಮ್ಮನೆ ಅತನೂರಿನ ಪುಟ ತೆರೆಯುತ್ತೇನೆ. ಯಾರೂ ತಡೆಯುವುದಿಲ್ಲ, ಅದೇ ಬೇಸರ.

ಕೆಲಸ ಬಿಟ್ಟವರ ಹೆಸರು ಅಳಿಸಬೇಕೆಂಬ ನಿಯಮವನ್ನು ನಾನೇ ಮಾಡಿದ್ದು. ಅಳಿಸಲು ಹೋದರೆ ತಂತ್ರಾಂಶ ಕೇಳುತ್ತದೆ: ಇವರು ಬರೆದದ್ದನ್ನೂ ಅಳಿಸಬೇಕೆ, ಬೇರೆಯವರ ಹೆಸರಿಗೆ ಹಚ್ಚಬೇಕೆ? ಎರಡೂ ಬೇಡ ಎನ್ನಲು ಬಟನ್ ಇಲ್ಲ. ದಿನ ದೂಡಿದೆ. ಕೊನೆಗೆ ರಫೀಕ, "ನಿನ್ ಕೈಲಿ ಆಗಲಿಲ್ಲಂದ್ರ ನಾ ಅಳಸ್ತೇನಿ ಬಿಡಣ್ಣಾ," ಎಂದಾಗ ಮನಸ್ಸು ಗಟ್ಟಿ ಮಾಡಿ ನಾನೇ ಒತ್ತಿದೆ. ಅವಳ ಪುಟಗಳೆಲ್ಲ ನನ್ನ ಹೆಸರಿಗೆ ಬಂದವು. ಅವಳ ಅತನೂರ ಕೂಡ.

ಕೂಡಲು ಮನಸ್ಸಾಗದೆ 'ಬರ್ತೇನ್ರಿ' ಒತ್ತಿದೆ. ಎದುರಿಗೆ ಬಾಗಿಲ ಪುಟ ಬಂತು, ಅದರ ಮೇಲೆ 'ಬರ್ರಿ'. ಎಲ್ಲರಿಗೂ ಹಾಗೆನ್ನುವ ಬಾಗಿಲು, 'ಬರ್ತೇನ್ರಿ' ಎನ್ನಲು ಹೇಳಿಕೊಟ್ಟವಳ ಹೆಸರನ್ನೇ ಇನ್ನು ಗುರುತಿಸದು. ಅದನ್ನು ನನಗೆ ಸಹಿಸಲಾಗಲಿಲ್ಲ. ಮತ್ತೆ ಒಳಹೊಕ್ಕು ಮಹಾದೇವಿಯ ಹೆಸರಿಗೆ ಹೊಸ ಖಾತೆ ತೆರೆದೆ, 'ಓದುಗರು' ಎಂಬ ದರ್ಜೆಯಲ್ಲಿ. ಅದರಲ್ಲಿ ಏನನ್ನೂ ತಿದ್ದಲು ಬರುವುದಿಲ್ಲ, ನಿಯಮವೂ ಮುರಿಯಲಿಲ್ಲ. ಬರಬಹುದು, ಬರ್ತೇನ್ರಿ ಎಂದು ಹೋಗಬಹುದು, ಅಷ್ಟೇ.

ಅವಳಿಗೆ ತಿಳಿಸಿದ್ದೇನೆ, ಇನ್ನೂ ಬಂದಿಲ್ಲ. ಆದರೆ ಅತನೂರಿನ ಪುಟದಲ್ಲಿ ಬೇಕೆಂದೇ ಒಂದು ಕಡೆ 'ಅತನೂರು' ಎಂದು ಬರೆದಿಟ್ಟಿದ್ದೇನೆ. ಅದನ್ನು ಕಂಡರೆ ಫೋನು ಮಾಡಿಯಾದರೂ ತಿದ್ದಿಸದೆ ಅವಳು ಸುಮ್ಮನಿರುವವಳಲ್ಲ.