ಕುದುರೆ ಹಿಡಿದು ನಿಂತವನು

ಕುದುರೆ ಅಣ್ಣನ ಎಡಗೈ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಕೈಮುಗಿದರೆ ಬಲಗೈ ನೆಟ್ಟಗೆ ನಿಲ್ಲುತ್ತಿತ್ತು, ಎಡಗೈ ಮಾತ್ರ ಏನನ್ನೋ ಹಿಡಿದುಕೊಂಡಂತೆ ಅರ್ಧ ಮುಚ್ಚಿಯೇ ಇರುತ್ತಿತ್ತು. ಟೀ ಲೋಟವನ್ನು ಆ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಬಿಸಿಯೇ ತಾಗದವನ ಹಾಗೆ ಹೀರುತ್ತಿದ್ದ. ಮೊದಲ ದಿನ ನೋಡಿದಾಗ ಪಾಪ, ಲಕ್ವ ಹೊಡೆದಿರಬೇಕು ಎಂದುಕೊಂಡೆ. ಮರುಕ್ಷಣವೇ ಅದೇ ಕೈಯಲ್ಲಿ ಆನೆಯಂಥ ಒಂದು ಹೆಣ್ಣು ಕುದುರೆಯನ್ನು ನಡೆಸಿಕೊಂಡು ಬಂದು ನನ್ನ ಮಗಳ ಮುಂದೆ ನಿಲ್ಲಿಸಿದ. ನಾನು ಹಿಂದೆ ಹಿಂದೆ ಸರಿದು ಕಾರಿನ ಬಾಗಿಲು ಹಿಡಿದುಕೊಂಡೆ.

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿಫ್ಟಿಗೆ ಹೆದರುತ್ತೇನೆ, ಹಲ್ಲಿಗೆ ಹೆದರುತ್ತೇನೆ, ಮಲೇಷ್ಯಾದ ಈ ಪುಚೊಂಗ್‌ನ ಮಧ್ಯಾಹ್ನದ ಗುಡುಗಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ. ಗಂಡನ ಕೆಲಸದ ಪಾಸು ನವೀಕರಿಸುವ ತಿಂಗಳು ಬಂತೆಂದರೆ ನನಗೆ ಅನ್ನ ಸೇರುವುದಿಲ್ಲ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಟಾಂಗಾ ಹತ್ತಿಸಿದರೆ ಬೀದಿಯೆಲ್ಲ ಕೇಳುವ ಹಾಗೆ ಅಳುತ್ತಿದ್ದೆನಂತೆ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಹನ್ನೆರಡನೆಯ ವಯಸ್ಸಿಗೆ ಕುದುರೆ ಹುಚ್ಚು ಹಿಡಿಯಿತು. ಹೆದರಿದವಳ ಮೇಲೆ ಹಾವು ಎಸೆದ ಹಾಗೆ! ಅಪ್ಪ ಮಗಳು ಒಂದಾಗಿ, ನಾವಿರುವ ಕಾಂಡೊ ಅಪಾರ್ಟ್‌ಮೆಂಟಿನಿಂದ ಸ್ವಲ್ಪ ದೂರದಲ್ಲಿ, ಎಣ್ಣೆತಾಳೆ ತೋಟದ ಅಂಚಿನಲ್ಲಿದ್ದ ಒಂದು ಚಿಕ್ಕ ಲಾಯಕ್ಕೆ ಹೆಸರು ಬರೆಸಿ ಬಂದರು. ಶನಿವಾರ ಶನಿವಾರ ಕರೆದುಕೊಂಡು ಹೋಗುವ ಕೆಲಸ ಮಾತ್ರ ನನ್ನ ತಲೆಗೆ ಬಂತು.

ಅಣ್ಣ ಆ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ. ಬರ್ಮಾದವನು. ಅವನ ಅಜ್ಜನ ಅಜ್ಜ ಯಾವ ಕಾಲದಲ್ಲೋ ತಮಿಳು ಸೀಮೆಯಿಂದ ಹಡಗು ಹತ್ತಿ ಹೋದವನಂತೆ. ಅಪ್ಪ ಗುಡ್ಡದ ಮೇಲಿನ ಒಂದು ಊರಿನಲ್ಲಿ ಪ್ರವಾಸಿಗಳಿಗೆ ಕುದುರೆ ಗಾಡಿ ಓಡಿಸುತ್ತಿದ್ದ. ಹಾಗಾಗಿ ಅವನಿಗೆ ಬರ್ಮಾದ ತಮಿಳು ಬರುತ್ತಿತ್ತು, ನನಗೆ ಮೈಸೂರಿನ ನಮ್ಮ ಓಣಿಯ ತಮಿಳು ಬರುತ್ತಿತ್ತು, ಎರಡೂ ಸೇರಿ ಒಂದು ಮಾತಾಗುತ್ತಿತ್ತು. ಅವನು ಹೇಳಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆದಿದ್ದೇನೆ. ನಾನು ಅವನನ್ನು ಅಣ್ಣಾ ಎನ್ನುತ್ತಿದ್ದೆ, ಅವನು ನನ್ನನ್ನು ಅಕ್ಕಾ ಎನ್ನುತ್ತಿದ್ದ. ಯಾರು ದೊಡ್ಡವರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಮಗಳು ಮೈದಾನದಲ್ಲಿ ಸುತ್ತು ಹಾಕುತ್ತಿದ್ದರೆ, ನಾನು ಬೇಲಿಯ ಆಚೆ ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ. ನನ್ನ ಮುಖ ನೋಡಲಾರದೆ ಅವನು ಮಾತು ತೆಗೆಯುತ್ತಿದ್ದ. ಮಾತು ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುತ್ತಿದ್ದದ್ದು 'ನಮ್ಮ ದಳ'ದಲ್ಲಿ.

ಅವನ ದೇಶದಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡು, ಒಂದೇ ದೇಶದವರು ಎರಡಾಗಿ ಹೊಡೆದಾಡತೊಡಗಿದ ಮೇಲೆ, ಗುಡ್ಡದ ಕಡೆಯ ಹುಡುಗರು ತಾವಾಗಿಯೇ ಗುಂಪು ಕಟ್ಟಿಕೊಂಡರಂತೆ. ಪೆಟ್ರೋಲ್ ಸಿಗುತ್ತಿರಲಿಲ್ಲ, ರಸ್ತೆಗಳಲ್ಲೆಲ್ಲ ಕಾವಲು. ಆದರೆ ಆ ಊರುಗಳಲ್ಲಿ ಕುದುರೆಗಳಿದ್ದವು. ಕಿತ್ತಳೆ ಹೊರುವ, ಟೀ ಸೊಪ್ಪು ಹೊರುವ, ಗಾಡಿ ಎಳೆಯುವ ಗಿಡ್ಡ ಕುದುರೆಗಳು. ಹಾಗೆ ಹುಟ್ಟಿದ್ದು ಆ ಸ್ವಯಂಸೇವಕರ ಕುದುರೆ ದಳ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಜೀನಿನ ಬದಲು ಅಕ್ಕಿ ಚೀಲ ಮಡಿಸಿ ಕಟ್ಟಿದ್ದು. ಮುಖಂಡ ಒಬ್ಬ ಗಣಿತದ ಮೇಷ್ಟ್ರು. ಮೊದಮೊದಲು ಎಲ್ಲರಿಗಿಂತ ಹೆಚ್ಚು ಸಲ ಕುದುರೆಯಿಂದ ಬಿದ್ದವರು ಅವರೇ ಅಂತೆ.

"ಕುದುರೆ ಮೇಲೆ ಕೂತು ಯಾರೂ ಯುದ್ಧ ಮಾಡೋದಿಲ್ಲ ಅಕ್ಕಾ, ಅದೆಲ್ಲ ಸಿನಿಮಾ," ಎಂದು ಒಂದು ದಿನ ಹೇಳಿದ. "ಕುದುರೆ ಇರೋದು ಹೋಗೋಕೆ, ಬರೋಕೆ. ಅಲ್ಲಿ ಮುಟ್ಟಿದ ಮೇಲೆ ಇಳೀಬೇಕು. ಮೂರು ಜನ ಮುಂದಕ್ಕೆ ಹೋಗ್ತಾರೆ. ನಾಲ್ಕನೇವನು ನಾಲ್ಕೂ ಕುದುರೆಯ ಹಗ್ಗ ಎಡಗೈಗೆ ಸುತ್ತಿ ಹಿಡ್ಕೊಂಡು ಮರದ ಹಿಂದೆ ನಿಲ್ತಾನೆ. ಆ ನಾಲ್ಕನೇವನು ನಾನು."

"ನಿಮ್ಮನ್ನೇ ಯಾಕೆ ನಿಲ್ಲಿಸಿದ್ರು ಅಣ್ಣಾ?"

"ನಾನೇ ಎಲ್ಲರಿಗಿಂತ ಜಾಸ್ತಿ ಹೆದರ್ತಿದ್ದೆ. ಧೈರ್ಯ ಇರೋನು ಗುಂಡಿನ ಸದ್ದು ಕೇಳಿದ್ರೆ ಕುದುರೆ ಬಿಟ್ಟು ಮುಂದಕ್ಕೆ ಓಡಿಬಿಡ್ತಾನೆ, ಹೆದರಿದವನು ಹಗ್ಗ ಬಿಡಲ್ಲ, ನೀನೇ ಸರಿ ಅಂದ್ರು ಮೇಷ್ಟ್ರು."

ಹೇಳಿ ಅವನೇ ನಕ್ಕ. ನನಗೆ ನಗು ಬರಲಿಲ್ಲ. ಹೆದರಿಕೆಯೂ ಒಂದು ಯೋಗ್ಯತೆ ಎಂದು ಹೇಳಿದವರನ್ನು ನನ್ನ ಜನ್ಮದಲ್ಲಿ ಅದೇ ಮೊದಲು ನೋಡಿದ್ದು. ಆವತ್ತಿನಿಂದ ಅವನು ನನಗೆ ಸ್ವಂತ ಅಣ್ಣನೇ ಆಗಿಬಿಟ್ಟ.

ಯುದ್ಧವನ್ನು ಅವನು ಕಣ್ಣಿಂದ ನೋಡಿರಲಿಲ್ಲ, ಕಿವಿಯಿಂದ ಕೇಳಿದ್ದ. ಮರದ ಹಿಂದೆ ನಿಂತು, ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಕಾಯುವುದೇ ಅವನ ಯುದ್ಧ. ಬರುವವರ ಹೆಜ್ಜೆ ಮೊದಲು ಕೇಳಿಸುವುದು ಕುದುರೆಗಂತೆ, ಅದರ ಕಿವಿ ಅತ್ತ ತಿರುಗುತ್ತದಂತೆ. ಒಂದು ಸಲ ಯಾವ ಕುದುರೆಯ ಕಿವಿಯೂ ತಿರುಗಲಿಲ್ಲ. ಮೂವರಲ್ಲಿ ಒಬ್ಬನೂ ಬರಲಿಲ್ಲ. ಹೊತ್ತು ಮುಳುಗುವ ತನಕ ನಿಂತಿದ್ದು, ಆಮೇಲೆ ಮೂರು ಕುದುರೆಗಳನ್ನು ಮೂರು ಊರಿಗೆ ನಡೆಸಿಕೊಂಡು ಹೋಗಿ ಅವರವರ ಮನೆಗೆ ಮುಟ್ಟಿಸಿದ.

"ಏನಂತ ಹೇಳಿ ಕೊಟ್ರಿ ಅಣ್ಣಾ?"

"ಏನು ಹೇಳೋದು? ಕುದುರೆ ಖಾಲಿ ಬಂತು ಅಂದ್ಮೇಲೆ ಹೇಳೋಕೆ ಏನಿದೆ? ಒಬ್ಬ ತಾಯಿ ಕುದುರೆಗೆ ನೀರಿಟ್ಟು, ನನಗೂ ಅನ್ನ ಹಾಕಿದ್ಲು. ಉಂಡೆ. ಹಸಿವಾಗಿತ್ತು."

ಆಮೇಲೆ ಅವನು ಗಡಿ ದಾಟಿದ. ಅವನ ಚಿಕ್ಕಪ್ಪನ ಮಗ ಪುಚೊಂಗ್‌ನ ಒಂದು ಮಾಮಾಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೊಟ್ಟಿ ಹಾಕುತ್ತಿದ್ದ. ಆ ದಾರಿ ಹಿಡಿದು ಇಲ್ಲಿಗೆ ಬಂದ. ನಿರಾಶ್ರಿತರ ಕಾರ್ಡೊಂದು ಇತ್ತು, ಅದರ ಅವಧಿ ಮುಗಿದಿತ್ತು, ಹೊಸದಕ್ಕೆ ಕಾಯುತ್ತಿದ್ದ. ಸೈರನ್ ಸದ್ದು ದೂರದಲ್ಲಿ ಕೇಳಿದರೂ ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಎಲ್‌ಆರ್‌ಟಿ ರೈಲು ಹತ್ತುತ್ತಿರಲಿಲ್ಲ. ಹೋಟೆಲಿನಲ್ಲಿ ಕೂತು ತಿನ್ನುತ್ತಿರಲಿಲ್ಲ. ಆ ಚಿಕ್ಕಪ್ಪನ ಮಗ, ಅವನ ತಮ್ಮ, ತಪಾವ್ ಎಂದು ಪಾರ್ಸೆಲ್ ಕಟ್ಟಿಸಿ ತಂದ ಪೊಟ್ಟಣವನ್ನು ಲಾಯದೊಳಗೆ ನಿಂತೇ ಬಿಚ್ಚುತ್ತಿದ್ದ. ವಾಪಸು ಕಳಿಸಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಸೈನ್ಯದವರಿಗೆ ನನ್ನ ಮುಖ ಗೊತ್ತಿದೆ ಅಕ್ಕಾ," ಎಂದ, ಅಷ್ಟೇ.

ದೀಪಾವಳಿಗೆ ಅವನನ್ನು ಊಟಕ್ಕೆ ಕರೆಯೋಣ ಎಂದಾಗ ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿದರು. "ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ಕಾರ್ಡ್ ಎಕ್ಸ್‌ಪೈರ್ ಆಗಿರೋರ್ನ ಮನೇಗ್ ಕರ್ಕೊಂಡ್ ಬಂದು, ನಾಳೆ ನನ್ನ ಪಾಸ್ ಕ್ಯಾನ್ಸಲ್ ಆದ್ರೆ? ಊರ ಉಸಾಬರಿ ನಮಗ್ಯಾಕೆ?" ನನಗೆ ಸಿಟ್ಟು ಬಂತು. ಆದರೆ ಹೆದರಿಕೆ ಸಿಟ್ಟಿಗಿಂತ ಮೊದಲೇ ಬಂದು ಕೂತಿತ್ತು. ಚಕ್ಕುಲಿ, ಕೋಡುಬಳೆ ಡಬ್ಬಿಗೆ ತುಂಬಿ ಲಾಯಕ್ಕೇ ಒಯ್ದೆ. ಅರ್ಧ ಅವನು ತಿಂದ, ಅರ್ಧ ಕುದುರೆ ತಿಂದಿತು.

ಮಗಳಿಗೆ ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟ್ ಕೊಟ್ಟಿದ್ದರು. ಬಹಳ ಹಿಂದೆ, ಎಲ್ಲೋ ದೂರದ ದೇಶದಲ್ಲಿ, ಒಳಗೊಳಗೇ ನಡೆದ ಯುದ್ಧ. ಅದರಲ್ಲಿ ರೈತರ ಮಕ್ಕಳು ತಮ್ಮ ತಮ್ಮ ಕುದುರೆ ತಂದು ಕಟ್ಟಿದ ಒಂದು ಸ್ವಯಂಸೇವಕ ದಳದ ಚರಿತ್ರೆ. ಅವಳು ಟ್ಯಾಬ್ಲೆಟ್ ಹಿಡಿದು ಅಣ್ಣನಿಗೆ ಅದನ್ನು ಓದಿ ಹೇಳುತ್ತಿದ್ದಳು, ನಾನು ಬೇಲಿಯಾಚೆಯಿಂದ ತಮಿಳಿಗೆ ತಿರುಗಿಸುತ್ತಿದ್ದೆ. ಕಾದಾಡುವಾಗ ಪ್ರತಿ ನಾಲ್ಕನೆಯವನು ಕುದುರೆ ಹಿಡಿದು ಹಿಂದೆ ನಿಲ್ಲುತ್ತಿದ್ದ ಎಂಬ ಸಾಲು ಬಂದಾಗ ಅಣ್ಣ ಗೊರಸು ಉಜ್ಜುವುದನ್ನು ನಿಲ್ಲಿಸಿದ.

"ಅವರಲ್ಲೂ ಇತ್ತಾ?" ಎಂದ. ಮುಖ ಅರಳಿಬಿಟ್ಟಿತ್ತು. "ಹಿಡಿದು ನಿಂತವರ ಹೆಸರು ಹಾಕಿದಾರಾ, ನೋಡು ಪಾಪ್ಪಾ."

ಅವಳು ಪುಟ ಸರಿಸಿ ಸರಿಸಿ ಹುಡುಕಿದಳು. "ಇಲ್ಲ ಲಾ ಅಂಕಲ್, ನೇಮ್ಸ್ ಏನೂ ಇಲ್ಲ."

"ಹೋಗ್ಲಿ ಬಿಡು. ಕುದುರೆಗಳು ವಾಪಸ್ ಬಂದವಾ?"

ಅದೂ ಇರಲಿಲ್ಲ. ಮಗಳಿಗೆ ರೇಗಿಹೋಯಿತು. ಪ್ರಾಜೆಕ್ಟಿನ ಕೊನೆಗೆ ಅಣ್ಣನ ಬಗ್ಗೆ ತಾನೇ ಒಂದು ಪುಟ ಬರೆಯುತ್ತೇನೆ, ಹೆಸರು ಹಾಕಿಯೇ ಬರೆಯುತ್ತೇನೆ ಎಂದು ಹಟ ಹಿಡಿದಳು. ಅಣ್ಣನೇ ಬೇಡವೆಂದ. ಅವನ ಅಕ್ಕತಂಗಿಯರು ಇನ್ನೂ ಆ ಗುಡ್ಡದಲ್ಲಿದ್ದಾರೆ. ಅದಕ್ಕೇ ನಾನೂ ಇಲ್ಲಿ ಅವನ ಹೆಸರು ಬರೆದಿಲ್ಲ.

ಆ ಶನಿವಾರ ಬೆಳಗ್ಗೆ ಬಿಸಿಲು ಆಗಲೇ ಸುಡುತ್ತಿತ್ತು. ಮಗಳು ಅದೇ ಹೆಣ್ಣು ಕುದುರೆಯ ಮೇಲಿದ್ದಳು. ಅದು ಎರಡು ದಿನದಿಂದ ಸಿಡುಕುತ್ತಿದೆ ಎಂದು ಅಣ್ಣ ಹಗ್ಗ ಹಾಕಿ, ತಾನೇ ಹಿಡಿದು ಮೈದಾನದ ಆ ತುದಿಯಲ್ಲಿ ನಡೆಸುತ್ತಿದ್ದ. ಗೇಟಿನೊಳಗೆ ಎರಡು ವ್ಯಾನು, ಹಿಂದೆ ಒಂದು ಕಾರು ಧೂಳೆಬ್ಬಿಸಿಕೊಂಡು ನುಗ್ಗಿದವು. "ಓಪ್ಸ್! ಓಪ್ಸ್!" ಎಂದು ಯಾರೋ ಕಿರುಚಿದರು. ವಲಸೆ ಇಲಾಖೆಯವರು ಕಾಗದಪತ್ರ ತಪಾಸಣೆಗೆ ಬಂದರೆ ಕೆಲಸದವರು ಕೂಗುವುದೇ ಹಾಗೆ. ಲಾಯದಲ್ಲಿದ್ದವರೆಲ್ಲ ಬಕೆಟ್ಟು, ಸಲಿಕೆ ಬಿಸಾಕಿ ತಾಳೆ ತೋಟಕ್ಕೆ ಓಡಿದರು. ಬಕೆಟ್ಟು ಉರುಳಿದ ಸದ್ದಿಗೆ ಕುದುರೆ ಮುಂಗಾಲೆತ್ತಿ ನಿಂತಿತು. ಮಗಳ ಪಾದ ಕಾಲಿಡುವ ರಿಕಾಪಿನೊಳಕ್ಕೆ ತೂರಿ ಸಿಕ್ಕಿಕೊಂಡಿತು. ಕುದುರೆ ಈಗ ಓಡಿದರೆ ಇವಳನ್ನು ನೆಲಕ್ಕೆ ಬಡಿಯುತ್ತ ಎಳೆದುಕೊಂಡು ಹೋಗುತ್ತದೆ.

ಅಣ್ಣನ ಬೆನ್ನ ಹಿಂದೆಯೇ ಗಿಡ್ಡ ಬೇಲಿ. ಬೇಲಿ ಹಾರಿದರೆ ತೋಟ. ಅವನು ಆ ಕಡೆ ಒಂದು ಸಲ ನೋಡಿದ. ನೋಡಿದ್ದನ್ನು ನಾನು ಕಂಡೆ. ಆಮೇಲೆ ಕುದುರೆಯ ಕುತ್ತಿಗೆಗೆ ಭುಜ ಕೊಟ್ಟು ನಿಂತುಬಿಟ್ಟ. ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಅವನ ಕಾಲುಗಳು ಗಡಗಡ ನಡುಗುತ್ತಿದ್ದವು.

"ಅಕ್ಕಾ, ಬನ್ನಿ! ಎಡಗಡೆಯಿಂದ ಬನ್ನಿ. ನೀವು ಪಾದ ಬಿಡಿಸಿ, ನಾನು ಹಿಡಿದಿರ್ತೀನಿ."

ಕುದುರೆಯ ಹಿಂದೆ ಹೋಗಬೇಡ, ಅಧಿಕಾರಿಯ ಮುಂದೆ ಹೋಗಬೇಡ ಎನ್ನುತ್ತಿದ್ದಳು ನಮ್ಮಜ್ಜಿ. ಆವತ್ತು ಎರಡನ್ನೂ ಒಟ್ಟಿಗೇ ಮಾಡಿದೆ. ಬೇಲಿ ಹೇಗೆ ದಾಟಿದೆನೋ, ಯಾರ ಪಕ್ಕದಲ್ಲಿ ಓಡಿದೆನೋ ಇವತ್ತಿಗೂ ತಿಳಿಯದು. ಆ ಬಿಸಿ ಮೈಗೆ ಆತುಕೊಂಡು ಮಗಳ ಶೂ ಬಿಚ್ಚಿ ಪಾದ ಹೊರಗೆಳೆದೆ. ಅವಳು ನನ್ನ ಮೇಲೆಯೇ ಬಿದ್ದಳು. ಅಷ್ಟರಲ್ಲಿ ಅಧಿಕಾರಿಗಳು ಸುತ್ತ ನಿಂತಿದ್ದರು. ಅವರಲ್ಲೊಬ್ಬ ಚಿಕ್ಕವನು, ಕುದುರೆ ಮೂಗು ಸೀಟಿದ್ದಕ್ಕೇ ಹಿಂದಕ್ಕೆ ಹಾರಿದ. "ಒಂದು ನಿಮಿಷ ಸಾರ್," ಎಂದು ಅಣ್ಣ ಮಲಯ ಭಾಷೆಯಲ್ಲಿ ಕೇಳಿಕೊಂಡ. ಅವರೂ ಕಾದರು. ಅವನು ಹಗ್ಗವನ್ನು ನನ್ನ ಅಂಗೈಗೆ ಸುತ್ತಿ, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

"ಹೆದರಿಕೆ ಇದ್ರೆ ಇರ್ಲಿ ಅಕ್ಕಾ, ಪರವಾಗಿಲ್ಲ. ಕೈ ಮಾತ್ರ ಬಿಡಬೇಡಿ."

ಅವನನ್ನು ವ್ಯಾನಿಗೆ ಹತ್ತಿಸಿದರು. ಲಾಯದ ಯಜಮಾನಿ ಓಡಿಬರುವ ತನಕ ನಾನು ಆ ಹಗ್ಗ ಹಿಡಿದೇ ನಿಂತಿದ್ದೆ. ಕುದುರೆ ನನ್ನ ಕತ್ತಿನ ಮೇಲೆ ಉಸಿರು ಬಿಡುತ್ತಿತ್ತು. ಮಗಳು ಒಂದೇ ಶೂನಲ್ಲಿ ನಿಂತು ಬಿಕ್ಕುತ್ತಿದ್ದಳು.

ಗಂಡ ಬೈಯುತ್ತಾರೆಂದು ಕಾದೆ. ಎಲ್ಲವನ್ನೂ ಕೇಳಿ ಮಗಳ ಊದಿದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಫೋನ್ ತೆಗೆದು ಸುಬಾಂಗ್ ಜಯಾದಲ್ಲಿರುವ ಪರಿಚಯದ ಲಾಯರ್ ಒಬ್ಬರಿಗೆ ಮಾಡಿದರು. "ನಿಮ್ಮ ಪಾಸು..." ಎಂದೆ. "ಹೋದ್ರೆ ಹೋಗ್ಲಿ ಬಿಡೆ, ಮೈಸೂರೇನು ಮುಳುಗಿಹೋಗಿದ್ಯಾ," ಎಂದರು. ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದರು. ಮುಗಿದ ಕಾರ್ಡು ಮುಗಿದದ್ದೇ ಆಯಿತು. ಒಂದು ದಿನ ಲಾಯರ್ ಫೋನ್ ಮಾಡಿ, ಅವನನ್ನೂ ಒಂದಿಷ್ಟು ಜನರನ್ನೂ ವಾಪಸು ಕಳಿಸಿಬಿಟ್ಟಿದ್ದಾರೆ ಎಂದರು.

ಮಳೆಗಾಲದ ಹೊತ್ತಿಗೆ ಹೋಟೆಲಿನ ಆ ತಮ್ಮನ ಫೋನಿಗೆ ಅಣ್ಣನ ದನಿ ಬಂತು. ತಮ್ಮ ಅದನ್ನು ನನಗೆ ಕಳಿಸಿದ. "ಅಕ್ಕಾ, ಸೌಖ್ಯ. ಹೇಗೋ ತಪ್ಪಿಸ್ಕೊಂಡು ಗುಡ್ಡಕ್ಕೆ ಬಂದು ಸೇರ್ಕೊಂಡೆ. ಮೇಷ್ಟ್ರು ಇನ್ನೂ ಇದಾರೆ, ಈಗ ಬೀಳೋದಿಲ್ಲ. ಪಾಪ್ಪಾಗೆ ಹಿಮ್ಮಡಿ ಕೆಳಗಿಟ್ಟು ಕೂತ್ಕೊಳ್ಳೋಕೆ ಹೇಳಿ. ಹಿಮ್ಮಡಿ ಕೆಳಗಿದ್ರೆ ಪಾದ ಸಿಕ್ಕೋದಿಲ್ಲ." ಹಿಂದೆಲ್ಲೋ ಕುದುರೆ ಕೆನೆಯುತ್ತಿತ್ತು. ಅದನ್ನು ಎಷ್ಟು ಸಲ ಹಾಕಿ ಕೇಳಿದೆನೋ ಲೆಕ್ಕವಿಲ್ಲ.

ಇನ್ನೊಂದು ದನಿ ಬರಲಿಲ್ಲ. ಬಂದದ್ದು ತಮ್ಮ. ಎಂದೂ ನಮ್ಮ ಕಾಂಡೊದ ಕಡೆ ಸುಳಿಯದವನು ಬಾಗಿಲಲ್ಲಿ ನಿಂತಿದ್ದ. ಗಂಡ ಅವನನ್ನು ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದರು. ವಿಮಾನ ಬಂದು ಬಾಂಬು ಹಾಕಿತಂತೆ. ಬೇರೆಯವರು ಹಳ್ಳಕ್ಕೆ ಇಳಿದರಂತೆ. ಅಣ್ಣ ಕುದುರೆಗಳ ಹತ್ತಿರ ಇದ್ದನಂತೆ. ಅಷ್ಟು ಹೇಳಿ ಅವನು ಅಳತೊಡಗಿದ. ನಾನು ನೀರು ತರಲು ಎದ್ದು ಹೋದವಳು ಅಡುಗೆಮನೆಯಲ್ಲೇ ಕುಸಿದು ಕೂತೆ.

ಮಗಳು ಹಿಂದೆಯೇ ಬಂದಳು. ಈಗ ಅವಳಿಗೆ ಹದಿನೈದು, ನನಗಿಂತ ಎತ್ತರ. ನನ್ನ ಪಕ್ಕ ನೆಲದ ಮೇಲೆ ಕೂತು ಕೇಳಿದಳು.

"ಅಮ್ಮಾ, ಅವತ್ತು ಲಾಯದಲ್ಲಿ ಹಗ್ಗ ಬಿಟ್ಟು ಓಡಿದ್ರೆ ಅಂಕಲ್ ಬದುಕ್ತಿದ್ರು ಅಲ್ವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ," ಎಂದೆ.

"ನಾನೇ ಹೇಗಾದ್ರೂ ಹಾರ್ಬೇಕಿತ್ತು. ಬಿದ್ರೆ ಬೀಳ್ತಿದ್ದೆ. ಅವ್ರು ಓಡ್ಬಹುದಿತ್ತು."

ಇಷ್ಟು ವರ್ಷ ನಾನು ಹೆದರಿದ್ದೆಲ್ಲ ಆ ಒಂದು ಮಾತಿನ ಮುಂದೆ ಏನೂ ಅಲ್ಲ. ಈ ಭಾರ ಹೊತ್ತುಕೊಂಡು ನನ್ನ ಮಗು ಬದುಕಬೇಕೇ? ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆಗೆ ತಿರುಗಿಸಿಕೊಂಡೆ.

"ನೀನು ಹಾರಿದ್ರೂ ಅವನು ಓಡ್ತಿರ್ಲಿಲ್ಲ ಕಣೆ. ನಿನ್ನ ಎಬ್ಬಿಸೋಕೆ ಅಂತ ಅಲ್ಲೇ ನಿಂತಿರ್ತಿದ್ದ."

ಇದು ಅವಳ ಸಮಾಧಾನಕ್ಕೆ ಹೇಳಿದ ಮಾತಲ್ಲ. ಅಣ್ಣನನ್ನು ನಾನು ಬಲ್ಲೆ.