ಪಕ್ಕದ ಎಲೆಯವರ ನೆಟ್‌ವರ್ಕ್

“ನಿಮ್ಮಣ್ಣನ ಜೊತಿಗೆ ಮಾತು ಬಿಟ್ಟೀರಂತೆ, ಹೌದೇನ್ರೀ?”

ಹೊನ್ನಾಳಿಯ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಅಪರಿಚಿತರು ನನ್ನ ಹೆಸರು, ಊರು ವಿಚಾರಿಸಿ ಹೀಗೆ ಕೇಳಿದಾಗ ತುತ್ತು ಕೈಯಲ್ಲೇ ಉಳಿಯಿತು. ಬದುವಿನ ಮೇಲಿನ ತೆಂಗಿನ ಮರಕ್ಕಾಗಿ ನಾವು ಮುನಿಸಿಕೊಂಡ ಸಂಗತಿ ನ್ಯಾಮತಿ ಪಕ್ಕದ ನಮ್ಮ ಹಳ್ಳಿ ದಾಟಿ ಇಲ್ಲಿಗೆ ಹೇಗೆ ಬಂತು?

“ಎಡಗೈಲಿ ಕೊಡ್ತಿದೀನಿ, ತಪ್ಪು ತಿಳೀಬ್ಯಾಡ್ರಿ” ಎಂದು ಸಂಕೋಚದಿಂದಲೇ ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟರು. ಮೊದಲಿನ ಪ್ರಶ್ನೆಗೆ ಆ ಸಂಕೋಚ ಇರಲಿಲ್ಲ. ಜಮೀನು ಕೊಂಡು ಸೈಟು ಮಾಡಿ ಮಾರುವವರಂತೆ. ಚನ್ನಗಿರಿಯಿಂದ ಜಗಳೂರಿನವರೆಗೂ ಅವರ ನೆಟ್‌ವರ್ಕ್ ಇದೆಯಂತೆ. ವಕೀಲರು, ಎಂಜಿನಿಯರುಗಳು ಇರಬೇಕು ಎಂದೆ.

“ಅವರ‍್ಯಾಕ್ರೀ? ಕಟಿಂಗ್ ಶಾಪಿನೋರು, ದನದ ಡಾಕ್ಟ್ರು, ಟೀ ಅಂಗಡಿಯೋರು ಸಾಕು. ಅಣ್ಣ-ತಮ್ಮ ಒಟ್ಟಿಗೆ ಟೀ ಕುಡಿಯಾಕೆ ಬರೋದು ನಿಂತ್ರೆ ನಮಗೆ ಫೋನ್ ಬರತೈತೆ. ಮನೆ ಒಡದ್ರೆ ಹೊಲ ಮಾರಾಟಕ್ಕೆ ಬಂದಂಗೇ. ನೀವೂ ಸೇರ‍್ಕಳ್ರಿ, ಕಮಿಷನ್ ಐತೆ.”

ಊರಿಗೆ ಬಂದವನೇ ಅಣ್ಣನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ನಮ್ಮೂರಿನ ಟೀ ಅಂಗಡಿಯತ್ತ ನಡೆದ. ನಾನೂ ಹಿಂದೆಯೇ ಹೋದೆ.

ತೆಂಗಿನ ಮರದ ಜಗಳ ಇನ್ನೂ ತೀರಿಲ್ಲ. ಆದರೂ ದಿನಾ ಸಂಜೆ ಇಬ್ಬರೂ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆ. ಅಣ್ಣ ಬೇಕೆಂದೇ ಗಟ್ಟಿಯಾಗಿ, “ತಮ್ಮಾ, ಇನ್ನೊಂದು ಟೀ ಹೇಳ್ಲೇನಪ್ಪಾ?” ಎನ್ನುತ್ತಾನೆ. ಲೋಟ ತಂದಿಡುವ ಅಂಗಡಿಯವನ ಮುಖ ನೋಡುವುದಕ್ಕಾದರೂ ನಾನು ಹೂಂ ಎನ್ನುತ್ತೇನೆ.