ಕಾನ್ವಿಯ ಹನ್ನೆರಡು ಪಾಯಿಖಾನೆ

ಡಾಕ್ಟರ್ ಭುಜಂಗ ಶೆಟ್ಟಿ ಸತ್ತು ಮೂರು ತಿಂಗಳಾಯಿತು. ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಅವನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ಸುರೇಶ ಕೇಳಿದ. 'ಅಜಾತಶತ್ರು', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದೆಲ್ಲ ಆಗಲೇ ಮೂವರು ಬರೆದುಕೊಟ್ಟಿದ್ದಾರಂತೆ. ಭುಜಂಗನಿಗೆ ಶತ್ರುಗಳಿದ್ದರು. ಊಟಕ್ಕೆ ಮುಂಚೆ ಅವನ ಭಾಷಣ ಕೇಳಿದ ಪ್ರತಿಯೊಬ್ಬರೂ ಅವನ ಶತ್ರುವೇ. ಇನ್ನು ಸರಳತೆಯ ಮಾತು. ಗೂಡಂಗಡಿಯಲ್ಲಿ ಚಹಾ ಕುಡಿದರೂ ಅದರ ಗೋಡೆ ಎಷ್ಟು ದಪ್ಪ ಇದೆ ಎಂದು ಗೇಣು ಹಾಕಿ ಅಳೆಯುವ ಮನುಷ್ಯನನ್ನು ಸರಳ ಎನ್ನಲು ನನಗೆ ಬರುವುದಿಲ್ಲ.

ಅವನು ಹೊಟ್ಟೆ ಮತ್ತು ಕರುಳಿನ ಡಾಕ್ಟರು. ಕುಂದಾಪುರದ ಕಡೆಯವನು. ಅಮೆರಿಕಕ್ಕೆ ಬರುವ ಮುಂಚೆ, ಎಪ್ಪತ್ತೆರಡನೆಯ ಇಸವಿಯಲ್ಲಿ, ಉತ್ತರ ವೇಲ್ಸಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ದುಡಿದಿದ್ದ. ಭಾನುವಾರ ಅಂಗಡಿಗಳು ಮುಚ್ಚಿರುತ್ತಿದ್ದವು, ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ತೆರೆದಿರುತ್ತಿದ್ದದ್ದು ಎದುರಿನ ಕೋಟೆಯೊಂದೇ. ಹಾಗೆ ಹಿಡಿದ ಹುಚ್ಚು. ಮುಂದೆ ಅಮೆರಿಕದ ಡರ್ಹಮ್‌ನಲ್ಲಿ ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದ, ಹತ್ತಿರದ ಏಪೆಕ್ಸ್ ಎಂಬ ಊರಿನಲ್ಲಿ ಮನೆ ಕೊಂಡ. ಆ ಬಡಾವಣೆಗೆ ಯಾವನೋ ಇಂಗ್ಲಿಷ್ ಜಮೀನ್ದಾರನ ಹೆಸರು, ಹೆಬ್ಬಾಗಿಲಿಗೆ ಅಂಟಿಸಿದ ನಕಲಿ ಕಲ್ಲು. ಮನೆಯ ಅಂಚೆಪೆಟ್ಟಿಗೆಗೆ ಯಾವ ಬಣ್ಣ ಹಚ್ಚಬೇಕೆಂದು ಅಲ್ಲಿ ಸಮಿತಿ ತೀರ್ಮಾನಿಸುತ್ತದೆ. "ಎಡ್ವರ್ಡ್ ರಾಜನಿಗೂ ಇಷ್ಟು ಅಧಿಕಾರ ಇರ್ಲಿಲ್ಲ ಮಾರಾಯ" ಎನ್ನುತ್ತಿದ್ದ.

ಈ ಎಡ್ವರ್ಡ್ ಏಳು ಶತಮಾನಗಳ ಹಿಂದೆ ವೇಲ್ಸನ್ನು ಗೆದ್ದ ಇಂಗ್ಲೆಂಡಿನ ರಾಜ. ಗೆದ್ದ ಜನ ಮತ್ತೆ ತಲೆಯೆತ್ತಬಾರದೆಂದು ಕಡಲಂಚಿನಲ್ಲಿ ಸಾಲಾಗಿ ಕೋಟೆ ಕಟ್ಟಿಸಿದ. ಕಾನ್ವಿ, ಕರ್ನಾರ್ವನ್, ಹಾರ್ಲೆಕ್, ಬ್ಯೂಮಾರಿಸ್. ನಮ್ಮ ಸಂಘದ ಮಕ್ಕಳಿಗೆ ಕದಂಬರ ಹೆಸರು ಗೊತ್ತಿಲ್ಲದಿದ್ದರೂ ಅವನ ಭಾಷಣ ಕೇಳಿ ಕೇಳಿ ಇವು ನಾಲ್ಕು ಬಾಯಿಪಾಠ. ಭುಜಂಗನಿಗೆ ಬುರುಜು, ಕಂದಕಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವನ ಜೀವ ಇದ್ದದ್ದು ಪಾಯಿಖಾನೆಗಳಲ್ಲಿ. ಕಾನ್ವಿ ಊರಿನ ಗೋಡೆಯ ನೆತ್ತಿಯಲ್ಲಿ, ರಾಜನ ಗುಮಾಸ್ತರಿಗೆಂದು, ಒಂದರ ಪಕ್ಕ ಒಂದರಂತೆ ಹನ್ನೆರಡು ಕಲ್ಲಿನ ಪಾಯಿಖಾನೆಗಳಿವೆ. ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿವೆ, ಬಿದ್ದದ್ದು ನೇರ ಹೊರಗೆ. ಮನೆಗೊಂದು ಅಡುಗೆ ತರುವ ಯುಗಾದಿಯ ಪಾಟ್‌ಲಕ್‌ನಲ್ಲಿ ಮಕ್ಕಳ ವೇಷಸ್ಪರ್ಧೆ ಮುಗಿದು, ಬಿಸಿಬೇಳೆಬಾತಿನ ಟ್ರೇಗಳ ಮುಚ್ಚಳ ಇನ್ನೇನು ತೆಗೆಯಬೇಕು ಎನ್ನುವಾಗ ಆ ಹನ್ನೆರಡೂ ಪರದೆಯ ಮೇಲೆ ಬರುತ್ತಿದ್ದವು. ಮುಂದಿನ ಸಾಲಿನಿಂದ ಅವನ ಹೆಂಡತಿ ಜಲಜಾಕ್ಷಿ ಕೂಗುತ್ತಿದ್ದರು: "ಇವ್ರೇ, ಪಾಯಸ ಉಂಟು ಇವತ್ತು. ಅದೊಂದು ಸ್ಲೈಡ್ ಬಿಡಿ!"

ಅವನು ಬಿಡುತ್ತಿರಲಿಲ್ಲ. "ಕೋಟೆ ಬೀಳೋದು ಮುಂಬಾಗಿಲಿಂದ ಅಲ್ಲ, ಹಿಂದಿನ ತೂತಿನಿಂದ. ಐವತ್ತು ದಾಟಿದವ್ರೆಲ್ಲ ಕೈ ಎತ್ತಿ. ಕೊಲೊನೋಸ್ಕೋಪಿ ಮಾಡಿಸದೇ ಇರುವವ್ರು ಇನ್ನೂ ಮೇಲೆ ಎತ್ತಿ." ಊಟದ ಸಾಲಿನಲ್ಲಿ, ಪಾರ್ಕಿಂಗ್ ಲಾಟಿನಲ್ಲಿ, ಒಮ್ಮೆ ಒಂದು ಮದುವೆಯಲ್ಲಿ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಇದೇ ಪ್ರಶ್ನೆ. ನಾನು ಅವನಿಗೆ 'ಪಾಯಿಖಾನೆ ಪ್ರೊಫೆಸರ್' ಎಂದು ಹೆಸರಿಟ್ಟೆ. ಹೆಸರು ಅಟ್ಲಾಂಟದಿಂದ ಆಶ್‌ಬರ್ನ್‌ವರೆಗೆ ಓಡಾಡಿತು. ಅವನ ಭಾಷಣಕ್ಕಿಂತ ಮುಂಚೆ ಎದ್ದು ಎರಡು ನಿಮಿಷ ಅವನನ್ನು ಗೇಲಿ ಮಾಡುವುದು ಕಾರ್ಯಕ್ರಮದ ಭಾಗವೇ ಆಗಿಹೋಯಿತು. ಜನ ಭಾಷಣಕ್ಕಲ್ಲ, ಆ ಎರಡು ನಿಮಿಷಕ್ಕೆ ಕಾಯುತ್ತಿದ್ದರು. ನನಗದು ಹಿತವಾಗಿತ್ತು.

ನಾನು ಗಿಡಗಳ ರೋಗ ಓದಿದವನು. "ಸೊಪ್ಪಿನ ಡಾಕ್ಟ್ರೇ" ಎಂದು ಕರೆಯುತ್ತಿದ್ದ. ಎರಡು ಸಾವಿರದ ಆರರಲ್ಲಿ ನನಗೂ ಕೊಲೊನೋಸ್ಕೋಪಿ ಮಾಡಿ, ಹಿಂದಿನಿಂದ ಕರುಳಿಗೆ ಕೊಳವೆ ತೂರಿಸಿ ಎರಡು ಪಾಲಿಪ್ ಗಂಟು ತೆಗೆದವನು ಅವನೇ. ಬಿಟ್ಟಿದ್ದರೆ ಕ್ಯಾನ್ಸರ್ ಆಗುತ್ತಿದ್ದವು. ಎಚ್ಚರವಾದಾಗ ಪಕ್ಕದಲ್ಲೇ ಕೂತಿದ್ದ. "ಒಳಗೆಲ್ಲ ನೋಡಿದೆ ರಘೂ. ನಿನ್ನ ಬಾಯಿಯಷ್ಟು ಕೆಟ್ಟಿಲ್ಲ" ಅಂದ.

ನಾವು ನಾಲ್ವರು, ಅಂದರೆ ಅವನು, ಜಲಜಾಕ್ಷಿ, ನಾನು, ನನ್ನ ಹೆಂಡತಿ ಶಾರದಾ, ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ಗೆ ವೇಲ್ಸಿನ ಟಿಕೆಟ್ ಮಾಡಿಸಿದ್ದೆವು. ಕೋವಿಡ್ ಬಂತು. ಕೊನೆಗೆ ಹೋದದ್ದು ಇಪ್ಪತ್ತೆರಡರ ಸೆಪ್ಟೆಂಬರ್‌ನಲ್ಲಿ. ಕಾರಿನಲ್ಲಿ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಜಲಜಾಕ್ಷಿ ಹುರಿದು ತಂದಿದ್ದ ಒಣ ಸಿಗಡಿ. ಹಾರ್ಲೆಕ್ ಕೋಟೆಯ ಬಂಡೆಯ ಮೇಲೆ ಕೂತು ಅದನ್ನು ತಿಂದಾಗ ಬ್ರಿಟಿಷ್ ಪ್ರವಾಸಿಗಳು ಗಾಳಿಯ ದಿಕ್ಕು ನೋಡಿ ಜಾಗ ಬದಲಾಯಿಸಿದರು. "ಎರಡು ನೂರು ವರ್ಷ ನಮ್ಮನೇಲಿ ಕೂತಿದ್ರಲ್ಲ, ಅರ್ಧ ಗಂಟೆ ತಡ್ಕೊಳ್ಳಲಿ" ಎಂದಳು ಶಾರದಾ.

ಕರ್ನಾರ್ವನ್‌ನಲ್ಲಿ ಭುಜಂಗ ಒಂದು ಗಂಟೆ ಉಪನ್ಯಾಸ ಕೊಟ್ಟ. ಕಟ್ಟಲು ಶುರುಮಾಡಿ ಹನ್ನೊಂದು ವರ್ಷವಾದರೂ ಕೋಟೆಯ ಊರಿನ ಕಡೆಯ ಗೋಡೆ ಪೂರ್ತಿಯಾಗಿರಲಿಲ್ಲ. ಅಲ್ಲಿದ್ದ ಊರು ರಾಜನದೇ, ಜನ ತನ್ನವರೇ, ಅದರ ಸುತ್ತ ಬೇರೆ ಗೋಡೆಯೂ ಇದೆ, ಅವಸರವೇನು ಎನ್ನುವ ಧೈರ್ಯ. ದಂಗೆಯೆದ್ದ ವೇಲ್ಸಿನವರು ಊರೊಳಗೆ ನುಗ್ಗಿ, ಆ ಕಡೆಯಿಂದಲೇ ಕೋಟೆ ಹೊಕ್ಕರು. "ರಾಜರು ದಡ್ಡರು" ಎಂದು ಭುಜಂಗ ಮುಗಿಸಿದ. ಅಷ್ಟು ಹೊತ್ತಿನಲ್ಲಿ ಎರಡು ಸಲ ಶೌಚಾಲಯಕ್ಕೆ ಹೋಗಿಬಂದಿದ್ದ. ಸಂಶೋಧನೆ ಜೋರಾಗಿದೆ ಎಂದು ನಾನು ಹೆಂಗಸರನ್ನು ನಗಿಸಿದೆ.

ಮರುದಿನ ಕಾನ್ವಿ. ಗೋಡೆಯ ಮೇಲೆ ನಡೆದು ಹನ್ನೆರಡು ಪಾಯಿಖಾನೆಗಳನ್ನೂ ಕೈಯಿಂದ ಮುಟ್ಟಿ ಎಣಿಸಿದ. ದೇವಸ್ಥಾನದ ಕಂಬ ಮುಟ್ಟುವ ಹಾಗೆ. ಒಂಬತ್ತನೆಯದಾದ ಮೇಲೆ ಬೇಗ ಬೇಗ ಹೆಜ್ಜೆ ಹಾಕಿ ಎಣಿಕೆ ಮುಗಿಸಿದ. ಹೆಂಗಸರನ್ನು ಅಲ್ಲೇ ಬಿಟ್ಟು ನಾವಿಬ್ಬರು ಕೆಳಗಿಳಿದು ಸಾರ್ವಜನಿಕ ಶೌಚಾಲಯಕ್ಕೆ ಹೋದೆವು. ಕಾಲು ಗಂಟೆಯ ಮೇಲೆ ಹೊರಗೆ ಬಂದ. ಮುಖ ಸುಣ್ಣದಂತಿತ್ತು, ಪ್ಯಾಂಟಿನ ಹಿಂದೆ ಜಾಕೆಟ್ ಕಟ್ಟಿಕೊಂಡಿದ್ದ. ಕೈಯ ಅಂಚಿನಲ್ಲಿ ರಕ್ತವಿತ್ತು.

"ಯಾವಾಗಿಂದ?" ಅಂದೆ.

"ಏಪ್ರಿಲ್. ಪೈಲ್ಸ್ ಮಾರಾಯ."

"ನಿನ್ ಪೇಶಂಟ್ ಬಂದು ಹೀಗಂದಿದ್ರೆ?"

"ಬೈತಿದ್ದೆ."

"ಕೊನೇ ಸಲ ಯಾವಾಗ ಚೆಕ್ ಮಾಡಿಸ್ಕೊಂಡೆ?"

ಅವನು ಕೈ ತೊಳೆಯಲು ಮತ್ತೆ ಒಳಗೆ ಹೋದ. ನಾನೂ ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು ಹೇಳಿದ: "ಮಾಡಿಸಿಲ್ಲ."

"ಒಂದ್ಸಲಾನೂ?"

"ಯಾರ ಹತ್ರ ಮಾಡಿಸ್ಲಿ, ಹೇಳು. ಊರಲ್ಲಿರೋ ಒಳ್ಳೆಯವ್ರೆಲ್ಲ ನಾನು ಟ್ರೈನ್ ಮಾಡಿದ ಹುಡುಗರು. ಶ್ರೀಕರ್‌ಗೆ ಸ್ಕೋಪ್ ಹಿಡಿಯೋದು ಕಲಿಸಿದ್ದು ನಾನು. ಅವನೆದುರಿಗೆ ಹಿಂದೆ ಬಿಚ್ಚಿದ ಗೌನ್ ಹಾಕ್ಕೊಂಡು ಗೋಡೆ ಕಡೆ ತಿರುಗಿ ಮಲಗ್ಲಾ? ಅವನ ವೇಟಿಂಗ್ ರೂಮಲ್ಲಿ ಕೂತಿರೋರೆಲ್ಲ ನಮ್ಮ ಸಂಘದವ್ರು. ನಾನೇ ಕಳಿಸಿದವ್ರು!"

"ಬೇರೆ ಊರಿಗೆ ಹೋಗೋ."

"ಹೋಗ್ತೇನೆ. ಮನೆಗೆ ಮುಟ್ಟಿದ ವಾರವೇ ಹೋಗ್ತೇನೆ. ಜಲಜಂಗೆ ಹೇಳ್ಬೇಡ. ಅವಳ ಟ್ರಿಪ್ ಹಾಳಾಗ್ತದೆ. ಆಣೆ ಹಾಕು."

ಎಪ್ಪತ್ತೈದು ವರ್ಷದ ಕರುಳಿನ ಡಾಕ್ಟರು, ಎಪ್ಪತ್ತನಾಲ್ಕು ವರ್ಷದ ಪಿಎಚ್.ಡಿ. ಇಬ್ಬರೂ ಒಂದು ಸಾರ್ವಜನಿಕ ಶೌಚಾಲಯದಲ್ಲಿ ನಿಂತು ಶಾಲೆಯ ಮಕ್ಕಳಂತೆ ಆಣೆ ಹಾಕಿಕೊಂಡೆವು. ನಾನು ಮಾತು ಉಳಿಸಿಕೊಂಡೆ. ಅವನು ಉಳಿಸಿಕೊಳ್ಳಲಿಲ್ಲ. ವಾಪಸಾದ ಮೇಲೆ ನಾನು ಪ್ರತಿ ವಾರ ಫೋನ್ ಮಾಡಿ ಕೇಳುತ್ತಿದ್ದೆ. "ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ" ಅನ್ನುತ್ತಿದ್ದ. ಯಾವತ್ತಿಗೆ ಎಂದರೆ ಬ್ಯೂಮಾರಿಸ್ ಕೋಟೆ ಯಾಕೆ ಮುಗಿಯಲಿಲ್ಲ ಎಂದು ವಿವರಿಸುತ್ತಿದ್ದ. ರಾಜ್ಯೋತ್ಸವದಲ್ಲಿ ಹೊಸ ಫೋಟೋಗಳ ಸಮೇತ ಮಾತಾಡಿದ. ಐವತ್ತು ದಾಟಿದವರು ಕೈ ಎತ್ತಿ ಅಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಪರದೆಯ ಕಡೆ ತಿರುಗಿಕೊಂಡ. ಅವತ್ತೂ ನಾನು ನನ್ನ ಎರಡು ನಿಮಿಷ ಮಾಡಿದೆ. ನಿಲ್ಲಿಸಿದರೆ ಜನಕ್ಕೆ ಅನುಮಾನ ಬರುತ್ತದಲ್ಲ.

ಜನವರಿಯಲ್ಲಿ ಗ್ಯಾರೇಜಿನಲ್ಲಿ ಬಿದ್ದ. ಆಂಬುಲೆನ್ಸು ಕರೆದೊಯ್ದ ಕಡೆ ಡ್ಯೂಟಿಯಲ್ಲಿದ್ದವನು ಶ್ರೀಕರನೇ. ಗಡ್ಡೆ ಕರುಳು ಬಿಟ್ಟು ಯಕೃತ್ತಿಗೆ ಹಬ್ಬಿತ್ತು. ಶ್ರೀಕರ ಕಾರಿಡಾರಿನಲ್ಲಿ ನಿಂತು ಅತ್ತದ್ದನ್ನು ನೋಡಿದೆ. ಐವತ್ತರಲ್ಲೋ ಅರವತ್ತರಲ್ಲೋ ಒಮ್ಮೆ ನೋಡಿದ್ದರೆ ಇಪ್ಪತ್ತು ನಿಮಿಷದ ಕೆಲಸ, ಅಂಕಲ್ ಎಂದ. ಅದನ್ನು ನನಗೆ ಹೇಳಿದರೆ ಏನು ಪ್ರಯೋಜನ? ನಾನು ತೆಗೆಸಿಕೊಂಡವನು.

ಒಂದು ವರ್ಷ ಎಳೆದಾಡಿ, ಕಳೆದ ಫೆಬ್ರವರಿಯಲ್ಲಿ ಹೋದ. ದೇವಸ್ಥಾನದ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಆರೋಗ್ಯದ ಬಗ್ಗೆ ಅವರಿಗಿದ್ದ ಎಚ್ಚರ ನಮಗೆಲ್ಲ ಮಾದರಿ ಎಂದು ಸುರೇಶ ಮೈಕಿನಲ್ಲಿ ಹೇಳಿದ. ಯಾರೂ ನಗಲಿಲ್ಲ. ಅವನ ಹೆಸರಿನಲ್ಲಿ ಬ್ಯಾಡ್ಮಿಂಟನ್ ಕಪ್ ಇಡಬೇಕೆಂದು ನಿರ್ಣಯವಾಯಿತು. ಭುಜಂಗ ರ‍್ಯಾಕೆಟ್ ಮುಟ್ಟಿದ್ದನ್ನು ಕಂಡವರಿಲ್ಲ. ನನ್ನನ್ನೂ ಮಾತಾಡಲು ಕರೆದರು. ಗಂಟಲು ಸರಿಯಿಲ್ಲ ಎಂದೆ.

ಹೋದ ವಾರ ಜಲಜಾಕ್ಷಿ ಕರೆದರು. ಅವನ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರ ಕೋಟೆ ಫೋಟೋಗಳಿವೆ, ಯಾವುದು ಯಾವುದೆಂದು ಹೇಳಿ ಹೋಗಿ ಎಂದರು. ಪಕ್ಕದಲ್ಲಿ ಕೂತು ಹೆಸರು ಹೇಳುತ್ತಾ ಹೋದೆ. ಕಾನ್ವಿಗೆ ಬಂದಾಗ ಅವರ ಕಡೆ ತಿರುಗಿದೆ. ಇನ್ನು ಈ ಮಾತು ಒಳಗೆ ಇಟ್ಟುಕೊಳ್ಳಲಾರೆ ಎನ್ನಿಸಿತು. ಇವರು ಮನೆ ಬಾಗಿಲು ಮುಚ್ಚಿದರೂ ಸರಿ.

"ಜಲಜಾ ಅವರೇ, ಅಲ್ಲಿ ನನಗೆ ಗೊತ್ತಾಗಿತ್ತು. ರಕ್ತ ನೋಡಿದೆ. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಹೇಳ್ಲಿಲ್ಲ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬಟ್ಟೆ ಒಗೀಲಿಕ್ಕೆ ಹಾಕುವವಳು ನಾನು" ಅಂದರು. "ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ದಿನಾ ಜಗಳ. 'ನೀವು ಮಾಡಿಸ್ಕೊಳ್ಳದಿದ್ರೆ ರಘುನಾಥರಿಗೆ ಹೇಳ್ತೇನೆ, ಅವ್ರು ಹೊತ್ಕೊಂಡಾದ್ರೂ ಹೋಗ್ತಾರೆ' ಅಂದೆ. ಕಾಲು ಹಿಡ್ಕೊಂಡ್ರು. 'ಯಾರಿಗೆ ಬೇಕಾದ್ರೂ ಹೇಳು, ರಘುಗೆ ಮಾತ್ರ ಬೇಡ. ಅವನು ಗೇಲಿ ಮಾಡ್ತಾನೆ, ಸಾಯುವವರೆಗೂ ಬಿಡೋದಿಲ್ಲ' ಅಂದ್ರು. ಹೇಳ್ಲಿಲ್ಲ ನಾನು."

ಕಾರ್ ಓಡಿಸಿಕೊಂಡು ಮನೆಗೆ ಬಂದೆ. ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆಣೆಗೆ ಮುಂಚೆ, ಮೇ ತಿಂಗಳಲ್ಲೇ ತಿಳಿದಿದ್ದರೆ ನಾನು ಗೇಲಿ ಮಾಡುತ್ತಿದ್ದೆ. ಖಂಡಿತ ಮಾಡುತ್ತಿದ್ದೆ. ನಮ್ಮವರು ಒಬ್ಬರೂ ಇಲ್ಲದ ಊರಿನ ಆಸ್ಪತ್ರೆ ಹುಡುಕಿ, ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ಮೂರು ಗಂಟೆಯ ದಾರಿಯುದ್ದಕ್ಕೂ ಗೇಲಿ ಮಾಡುತ್ತಲೇ ಕರೆದುಕೊಂಡು ಹೋಗುತ್ತಿದ್ದೆ.